ಉಪ್ಪು ನೀರಿನ ಭತ್ತ ನೋಡೋಕೆ ಹೋದ ಐದು ದಿನ

ಅಪ್ಪ ಪೇಪರ್ ಓದುವುದೇ ಅದರ ಜೊತೆ ಜಗಳ ಆಡುವುದಕ್ಕೆ. ಕುಮಟಾ ಕಡೆ ಉಪ್ಪು ನೀರಿನಲ್ಲಿ ಕಗ್ಗ ಅನ್ನುವ ಭತ್ತ ಬೆಳೆಯುತ್ತಾರೆ ಅಂತ ಓದಿದ ದಿನ ತಟ್ಟೆ ಮುಂದೆ ಕೂತವರು ಎದ್ದೇ ಬಂದರು. "ಸುಳ್ಳು ಬರೆಯೋಕೂ ಒಂದು ಲೆಕ್ಕ ಬೇಡ್ವಾ? ನಮ್ಮ ಬೋರ್‌ವೆಲ್ ನೀರು ಸ್ವಲ್ಪ ಸೌಳಾದ್ರೆ ಸೊಪ್ಪೂ ಬರಲ್ಲ. ಇವರು ಸಮುದ್ರದ ನೀರಲ್ಲಿ ಭತ್ತ ಬೆಳೀತಾರಂತೆ."

ಗುಬ್ಬಿ ತಾಲ್ಲೂಕಿನ ನಮ್ಮೂರಿನಲ್ಲಿ ಕೂತು ಇದನ್ನು ತೀರ್ಮಾನ ಮಾಡುವ ಹಾಗಿರಲಿಲ್ಲ. ನನಗೂ ಬೇರೆ ಒಂದು ಕುತೂಹಲ ಇತ್ತು. ಪ್ರತಿ ಮಳೆಗಾಲದಲ್ಲೂ ಟಿ.ವಿ.ಯಲ್ಲಿ ಕಡಲ್ಕೊರೆತ ಅಂತ ತೆಂಗಿನ ಮರ ಉರುಳುವುದನ್ನು ತೋರಿಸುತ್ತಾರೆ. ಮಾರನೇ ದಿನ ಬೇರೆ ಸುದ್ದಿ. ಆ ಮರದ ಹಿಂದೆ ಕಾಣುವ ಹೆಂಚಿನ ಮನೆಯವರು ಆಮೇಲೆ ಏನು ಮಾಡುತ್ತಾರೆ?

ದೀಪಾವಳಿ ಮುಗಿದ ಮೇಲೆ ಐದು ದಿನ ರಜೆ ಹಾಕಿದೆ. ಅಮ್ಮ ಬರಲಿಲ್ಲ. "ಎಮ್ಮೆ ಬಿಟ್ಟು ನಾನೆಲ್ಲಿ ಬರಲಿ. ಬರುವಾಗ ಒಂದಿಷ್ಟು ಕಲ್ಲುಪ್ಪು ತನ್ನಿ" ಅಂದರು.

ಮೊದಲನೇ ದಿನ: ಉಳ್ಳಾಲ

ತಿಪಟೂರು, ಹಾಸನ, ಸಕಲೇಶಪುರ, ಶಿರಾಡಿ ಘಾಟಿ. ಘಾಟಿಯಲ್ಲಿ ಒಂದು ಲಾರಿ ಕೆಟ್ಟು ನಿಂತು ಒಂದೂವರೆ ಗಂಟೆ ಹೋಯಿತು. ಬೇರೆ ಏನೂ ಹೇಳುವಂಥದ್ದಿಲ್ಲ. ತೊಕ್ಕೊಟ್ಟಿನಲ್ಲಿ ರೂಮು ಮಾಡಿ, ಬಿಸಿ ಬಿಸಿ ಗೋಳಿಬಜೆ ತಿಂದು, ಸಂಜೆ ಸೋಮೇಶ್ವರದ ಕಡಲ ತೀರಕ್ಕೆ ಹೋದೆವು.

ದೇವಸ್ಥಾನದ ಹತ್ತಿರದ ಬಂಡೆ ಮೇಲೆ ನಿಂತರೆ ಸಮುದ್ರ ತುಂಬ ಚೆಂದ ಕಾಣುತ್ತದೆ. ಅಲ್ಲಿಂದ ದಂಡೆ ಹಿಡಿದು ಸುತ್ತಾಡಿದರೆ ಚೆಂದ ಕಡಿಮೆಯಾಗುತ್ತಾ ಹೋಗುತ್ತದೆ. ಮರಳಿನ ಜಾಗದಲ್ಲಿ ಕರಿ ಬಂಡೆಗಳ ರಾಶಿ. ಬಂಡೆ ಸಂದಿಯಲ್ಲಿ ತುಂಡಾದ ಕಾಂಕ್ರೀಟು, ಚಪ್ಪಲಿ, ಒಂದು ಬಾವಿ ಕಟ್ಟೆಯ ಅರ್ಧ. ಆ ಅರ್ಧ ಬಾವಿ ನೋಡಿ ಅಪ್ಪ ತುಂಬ ಹೊತ್ತು ನಿಂತರು. ಬಯಲುಸೀಮೆಯವರಿಗೆ ಬಾವಿ ಅಂದ್ರೆ ಅಂಗಳಕ್ಕಿಂತ ದೊಡ್ಡದು.

ಬಲೆ ರಿಪೇರಿ ಮಾಡುತ್ತಾ ಕೂತಿದ್ದ ವಯಸ್ಸಾದವರೊಬ್ಬರು ನಮ್ಮನ್ನು ಮಾತಾಡಿಸಿದರು. "ಅದು ನಮ್ಮ ನೆರೆಕರೆಯವರ ಬಾವಿ ಮಾರಾಯ್ರೆ. ಅದರಾಚೆ ಮನೆ, ಮನೆಯಾಚೆ ತೆಂಗಿನ ತೋಟ, ತೋಟದಾಚೆ ಮರಳು, ಆಮೇಲೆ ಸಮುದ್ರ. ಈಗ ಲೆಕ್ಕ ಹಾಕಿ." ಆ ಮನೆಯವರು ಈಗ ಎಲ್ಲಿ ಅಂತ ಕೇಳಿದೆ. ತೊಕ್ಕೊಟ್ಟಿನ ಹತ್ತಿರ ಬಾಡಿಗೆ ಮನೆಯಲ್ಲಿದ್ದಾರಂತೆ. ಗಂಡಸರು ಮಾತ್ರ ಬೆಳಿಗ್ಗೆ ನಾಲ್ಕಕ್ಕೆ ಬೈಕಿನಲ್ಲಿ ದೋಣಿಗೆ ಬರುತ್ತಾರಂತೆ.

"ಕಲ್ಲು ಹಾಕಿದ್ದಾರಲ್ಲ?" ಅಂದರು ಅಪ್ಪ.

"ಹಾಕ್ತಾರೆ. ಮಳೆಗಾಲದಲ್ಲಿ ಕಲ್ಲಿನಡಿ ಮರಳು ಹೋಗ್ತದೆ, ಕಲ್ಲು ಕೂತ್ಕೊಳ್ತದೆ. ಮತ್ತೆ ಹಾಕ್ತಾರೆ. ಇಲ್ಲಿ ಹಾಕಿದ್ರೆ ಪಕ್ಕದ ಊರಲ್ಲಿ ಕೊರಿತದೆ. ಅವರಿಗೆ ನಮ್ಮ ಮೇಲೆ ಕೋಪ."

ಇದರ ಹಿಂದಿನ ಲೆಕ್ಕ ನಾನು ಹೋಗುವ ಮುಂಚೆ ಓದಿಕೊಂಡಿದ್ದೆ. ದಂಡೆಯ ಮರಳು ಕೂತಲ್ಲೇ ಕೂರುವುದಿಲ್ಲ. ಅಲೆಯ ಜೊತೆ ತೀರದುದ್ದಕ್ಕೂ ನಡೆಯುತ್ತಲೇ ಇರುತ್ತದೆ. ನೇತ್ರಾವತಿ ಮತ್ತು ಗುರುಪುರ ನದಿಗಳು ಸಮುದ್ರ ಸೇರುವ ಅಳಿವೆ ಬಾಯಿಯಲ್ಲಿ ದೋಣಿಗಳ ಅನುಕೂಲಕ್ಕೆ 1990ರ ದಶಕದಲ್ಲಿ ಅಲೆತಡೆ ಗೋಡೆ ಕಟ್ಟಿದರು. ನಡೆಯುವ ಮರಳಿಗೆ ಅದು ಅಡ್ಡವಾಯಿತು. ಉತ್ತರದ ಬೆಂಗ್ರೆ ಕಡೆ ಮರಳು ಜಮೆಯಾಯಿತು, ದಕ್ಷಿಣದ ಉಳ್ಳಾಲಕ್ಕೆ ಖೋತಾ ಬಿತ್ತು. ಆಮೇಲೆ ಏಷ್ಯನ್ ಡೆವಲಪ್‌ಮೆಂಟ್ ಬ್ಯಾಂಕಿನ ಸಾಲದಲ್ಲಿ ಸಮುದ್ರದೊಳಗೆ ಅಲೆಯ ಹೊಡೆತ ತಗ್ಗಿಸುವ ದಿಬ್ಬಗಳನ್ನೂ ಕಟ್ಟಿದ್ದಾರೆ. ಇದಕ್ಕೆಲ್ಲ ಮೇಲಿಂದ ಸಮುದ್ರ ಏರುತ್ತಿರುವುದು, ಅರಬ್ಬಿ ಸಮುದ್ರದಲ್ಲಿ ಚಂಡಮಾರುತ ಜಾಸ್ತಿಯಾಗಿರುವುದು. ಯಾವುದು ಎಷ್ಟು ಕೊರೆಯಿತು ಅಂತ ಬಿಡಿಸಿ ಹೇಳುವುದು ಕಷ್ಟ. ಬಾವಿ ಹೋದವರಿಗೆ ಅದು ಬೇಕಾಗಿಯೂ ಇಲ್ಲ.

ರಾತ್ರಿ ಊಟಕ್ಕೆ ಬಂಗುಡೆ ಪುಳಿಮುಂಚಿ. ಅಪ್ಪ ಕುರಿ, ಕೋಳಿ ತಿನ್ನುತ್ತಾರೆ, ಮೀನು ಮುಟ್ಟುವುದಿಲ್ಲ. "ಮುಳ್ಳು ಆರಿಸೋದೋ, ಹೊಟ್ಟೆ ತುಂಬಿಸ್ಕೊಳ್ಳೋದೋ?" ಅವರಿಗೆ ಕುಚಲಕ್ಕಿ ಅನ್ನ, ಸಾರು, ಮಜ್ಜಿಗೆ. ಅದಕ್ಕೂ ಮುಖ ಗಂಟು.

ಎರಡನೇ ದಿನ: ಮರವಂತೆ

ಬೆಳಿಗ್ಗೆ ನೀರುದೋಸೆ ಬೆಲ್ಲ ಕಾಯಿತುರಿ ಹಾಕಿ ಕೊಟ್ಟರು. ಅಪ್ಪ ಎಂಟು ತಿಂದರು. ಮುಖದ ಗಂಟು ಬಿಚ್ಚಿತು.

ಹೆದ್ದಾರಿ 66 ಉಡುಪಿ ತನಕ ಗದ್ದಲ. ಕುಂದಾಪುರ ದಾಟಿದ ಮೇಲೆ ಮರವಂತೆ. ಎಡಕ್ಕೆ ಸಮುದ್ರ, ಬಲಕ್ಕೆ ಸೌಪರ್ಣಿಕಾ ನದಿ, ನಡುವೆ ರಸ್ತೆ. ಫೋಟೋಗಳಲ್ಲಿ ಎಲ್ಲರೂ ನೋಡಿರುತ್ತೀರಿ. ನಾನು "ಎಷ್ಟು ಚೆನ್ನಾಗಿದೆ ಅಲ್ವಾ" ಅಂದೆ. ಅಪ್ಪ ಕಿಟಕಿ ಇಳಿಸಿ ಎರಡೂ ಕಡೆ ನೋಡಿ, "ಇದು ರಸ್ತೆ ಅಲ್ಲ ಕಣಮ್ಮ, ಕೆರೆ ಏರಿ. ಏರಿ ಮೇಲೆ ಬಸ್ಸು ಬಿಟ್ಟಿದ್ದಾರೆ" ಅಂದರು.

ಇಲ್ಲಿ ದಂಡೆಯಿಂದ ಸಮುದ್ರದೊಳಕ್ಕೆ ಕೈ ಚಾಚಿದ ಹಾಗೆ ಕಲ್ಲಿನ ಕಟ್ಟೆಗಳಿವೆ. ಕೆಲವು ತುದಿಯಲ್ಲಿ ಟಿ ಆಕಾರಕ್ಕೆ ತಿರುಗಿವೆ. ಮರಳನ್ನು ಹಿಡಿದು ನಿಲ್ಲಿಸುವುದು ಅವುಗಳ ಕೆಲಸ. ಎರಡು ಕಟ್ಟೆಗಳ ನಡುವೆ ಮರಳು ತುಂಬಿಕೊಂಡು ಸಣ್ಣ ಸಣ್ಣ ಅಂಗಳಗಳಾಗಿವೆ. ಕಾರು ನಿಲ್ಲಿಸುವವರಿಗೆ ಒಂದು ಮಾತು: ಹೆದ್ದಾರಿಯ ಅಂಚಲ್ಲಿ ನಿಲ್ಲಿಸಬೇಡಿ, ಲಾರಿಗಳು ಗಾಳಿ ಬೀಸಿಕೊಂಡು ಹೋಗುತ್ತವೆ. ನಾನು ಜಾಣತನ ಮಾಡಿ ಕೆಳಗಿನ ಮರಳಿಗೆ ಇಳಿಸಿದೆ. ಚಕ್ರ ಹೂತುಕೊಂಡಿತು.

ತಳ್ಳಲು ಬಂದವರು ನಾಲ್ಕು ಜನ ಮೀನುಗಾರ ಹುಡುಗರು. ಎರಡು ಹಲಗೆ ಕೊಟ್ಟು ಐದು ನಿಮಿಷದಲ್ಲಿ ಕಾರು ಎತ್ತಿಸಿದರು. ದುಡ್ಡು ಕೊಡಲು ಹೋದರೆ ತೆಗೆದುಕೊಳ್ಳಲಿಲ್ಲ. ಚಹಾ ಕುಡಿಯೋಣ ಅಂದಾಗ ಬಂದರು.

ಅವತ್ತು ಅವರು ಕಡಲಿಗೆ ಇಳಿದಿರಲಿಲ್ಲ. ಗಾಳಿ ಜೋರು ಅಂತ ಮೊಬೈಲಿಗೆ ಎಚ್ಚರಿಕೆ ಬಂದಿತ್ತಂತೆ. "ಮೊದ್ಲು ಅಜ್ಜ ಮೋಡ ಕಂಡ್ ಹೇಳ್ತಿದ್ರು, ಈಗ ಮೆಸೇಜ್ ಕಾಣುದು" ಅಂತ ಒಬ್ಬ ನಕ್ಕ. ಹೈದರಾಬಾದಿನ ಇನ್‌ಕಾಯ್ಸ್ ಕೇಂದ್ರದಿಂದ ಅಲೆ, ಗಾಳಿ, ಮೀನು ಸಿಗುವ ಜಾಗದ ಮಾಹಿತಿ ಬರುತ್ತದೆ. 2021ರ ಮೇ ತಿಂಗಳ ತೌಕ್ತೆ ಚಂಡಮಾರುತದ ಮುನ್ಸೂಚನೆ ಮುಂಚೆಯೇ ಸಿಕ್ಕಿದ್ದರಿಂದ ದೋಣಿಗಳನ್ನು ಮೇಲೆ ಎಳೆದು ಇಟ್ಟಿದ್ದೆವು ಅಂದರು. ಹಾಗಂತ ಖುಷಿಯೇನಿರಲಿಲ್ಲ. "ಜೀವ ಉಳಿತ್ ಮರ್ರೆ. ಆದ್ರೆ ಎಚ್ಚರಿಕೆ ಬಂದ ದಿನ ದುಡಿಮೆ ಇಲ್ಲ. ಜೂನ್, ಜುಲೈ ಯಾಂತ್ರಿಕ ದೋಣಿಗೆ ಎಂತೂ ರಜೆ. ಈಗ ನಡುನಡುವೆಯೂ ರಜೆ. ಬ್ಯಾಂಕಿನವ್ರು ಮಾತ್ರ ರಜೆ ಕೊಡುದಿಲ್ಲ."

ಸಮುದ್ರ ನಿಜವಾಗಿ ಎಷ್ಟು ಏರಿದೆ ಅಂತ ಅಪ್ಪ ಕೇಳಿದರು. ವಿಶ್ವಸಂಸ್ಥೆಯ ಹವಾಮಾನ ಸಮಿತಿ ಹೇಳುವ ಪ್ರಕಾರ 1901ರಿಂದ 2018ರ ನಡುವೆ ಜಗತ್ತಿನ ಸಮುದ್ರ ಸರಾಸರಿ 20 ಸೆಂಟಿಮೀಟರ್ ಏರಿದೆ ಅಂದೆ. ಅಪ್ಪ ಕೈ ಅಗಲಿಸಿ ನೋಡಿಕೊಂಡರು. "ಒಂದು ಗೇಣು. ಇಷ್ಟೇನಾ? ನೂರು ವರ್ಷಕ್ಕೆ ಒಂದು ಗೇಣಿಗೆ ಇಷ್ಟು ಗಲಾಟೆನಾ?" ಹುಡುಗರು ಏನೂ ಹೇಳಲಿಲ್ಲ. ಚಹಾದ ಲೋಟ ಖಾಲಿಯಾಗುವ ಹೊತ್ತಿಗೆ ಅಪ್ಪನೇ ಮತ್ತೆ ರಸ್ತೆ ಕಡೆ ನೋಡಿದರು. "ಅಲ್ಲ, ಏರಿ ಮೇಲೆ ಒಂದು ಗೇಣು ನೀರು ಹರಿದ್ರೂ ಏರಿ ಉಳಿಯಲ್ಲ ಬಿಡು. ನಮ್ಮೂರ ಕೆರೆ ಒಡೆದಿದ್ದು ಹಾಗೇ ಅಲ್ವಾ." ಸರಾಸರಿ ಗೇಣಿನ ಮೇಲೆ ಹುಣ್ಣಿಮೆಯ ಉಬ್ಬರ, ಅದರ ಮೇಲೆ ಬಿರುಗಾಳಿ ಕೂತರೆ ಏನಾಗುತ್ತದೆ ಅಂತ ನಾನು ವಿವರಿಸಬೇಕು ಅಂದುಕೊಂಡಿದ್ದೆ. ಬೇಕಾಗಲಿಲ್ಲ.

ರಾತ್ರಿ ಬೈಂದೂರಿನಲ್ಲಿ ಉಳಿದೆವು. ರೂಮಿನ ಫ್ಯಾನು ಸಮುದ್ರಕ್ಕಿಂತ ಜೋರಾಗಿ ಸದ್ದು ಮಾಡುತ್ತಿತ್ತು.

ಮೂರನೇ ದಿನ: ಹೊನ್ನಾವರ

ಶರಾವತಿ ಸೇತುವೆ ಸಿಗುವ ಮುಂಚೆಯೇ ಎಡಕ್ಕೆ ತಿರುಗಿ ಕಾಸರಕೋಡು ಟೊಂಕಕ್ಕೆ ಹೋದೆವು. ಟೊಂಕ ಅಂದ್ರೆ ನದಿ ಮತ್ತು ಸಮುದ್ರದ ನಡುವೆ ಉಳಿದ ಮರಳಿನ ನಾಲಗೆ. ಚಳಿಗಾಲದಲ್ಲಿ ಕಡಲಾಮೆಗಳು ಇಲ್ಲಿ ಮೊಟ್ಟೆ ಇಡಲು ಬರುತ್ತವೆ. ಬಂದರು ಕಟ್ಟುವ ವಿಚಾರಕ್ಕೆ ಇಲ್ಲಿ ವರ್ಷಗಳಿಂದ ಜಗಳ ನಡೆದಿದೆ. ಮೀನುಗಾರರ ಪ್ರಶ್ನೆ ಒಂದೇ: ನಮ್ಮ ಮೀನು ಎಲ್ಲಿ ಒಣಗಿಸುವುದು?

ಆ ಪ್ರಶ್ನೆ ಎಷ್ಟು ದೊಡ್ಡದು ಅಂತ ಅಲ್ಲಿ ಹೋದರೆ ತಿಳಿಯುತ್ತದೆ. ಕಣ್ಣು ಹಾಯುವಷ್ಟು ದೂರ ಮರಳಿನ ಮೇಲೆ ಬಲೆ ಹಾಸಿ ಮೀನು ಹರವಿದ್ದರು. ವಾಸನೆಗೆ ಅಪ್ಪ ಟವೆಲ್ಲು ಮೂಗಿಗೆ ಕಟ್ಟಿಕೊಂಡು ಕಾರಿನಲ್ಲೇ ಕೂತರು. ನಾನು ಹೆಂಗಸರ ಜೊತೆ ಮಾತಿಗೆ ನಿಂತೆ. ಬಿಸಿಲು ಸರಿಯಾಗಿದ್ದರೆ ಸಣ್ಣ ಮೀನು ಎರಡು ದಿನಕ್ಕೆ ಒಣಗುತ್ತದೆ. ಮಳೆಗಾಲಕ್ಕೆ ಮುಂಚೆ ಮೂಟೆ ಕಟ್ಟಿದರೆ ಘಟ್ಟದ ಮೇಲಿನ ಸಂತೆಗಳಿಗೆ ಹೋಗುತ್ತದೆ. "ಮೊದಲು ದೀಪಾವಳಿ ಆದ ಮೇಲೆ ಮಳೆ ಅಂದ್ರೆ ಅಪರೂಪ. ಈಗ ಯಾವಾಗ ಬರುತ್ತೋ ಗೊತ್ತೇ ಆಗುದಿಲ್ಲ" ಅಂತ ಒಬ್ಬರು ಹೇಳಿ ಬಾಯಿ ಮುಚ್ಚಿದ್ದರೋ ಇಲ್ಲವೋ, ಸಮುದ್ರದ ಕಡೆಯಿಂದ ಕಪ್ಪು ಮೋಡ ಎದ್ದಿತು.

ಆಮೇಲೆ ನಡೆದದ್ದು ಹತ್ತು ನಿಮಿಷದ ಯುದ್ಧ. ಹೆಂಗಸರು, ಮಕ್ಕಳು, ದಾರಿಯಲ್ಲಿ ಹೋಗುತ್ತಿದ್ದ ಪೋಸ್ಟಿನವನು, ಎಲ್ಲರೂ ಓಡಿದರು. ಬಲೆಯ ನಾಲ್ಕು ಮೂಲೆ ಹಿಡಿದು ಮಡಿಸುವುದು, ರಾಶಿ ಮಾಡುವುದು, ಮೇಲೆ ತಾಡಪಾಲು ಎಳೆದು ಕಲ್ಲಿಡುವುದು. ನಾನೂ ಒಂದು ಮೂಲೆ ಹಿಡಿದೆ. ಎದುರಿನ ಮೂಲೆ ಹಿಡಿದದ್ದು ಯಾರು ಅಂತ ನೋಡಿದರೆ ಅಪ್ಪ! ಮೂಗಿಗೆ ಕಟ್ಟಿದ್ದ ಟವೆಲ್ಲು ತಲೆಗೆ ಹೋಗಿತ್ತು. ಕಣದಲ್ಲಿ ರಾಗಿ ಹರವಿ ಮಳೆ ಬಂದರೆ ಏನು ಮಾಡಬೇಕು ಅಂತ ಅವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಮಳೆ ಜೋರಾಗಿ ಬಂದು ಕಾಲು ಗಂಟೆಯಲ್ಲಿ ನಿಂತಿತು. ಅರ್ಧದಷ್ಟು ಮೀನು ಉಳಿಯಿತು. ಉಳಿದದ್ದು ನೆನೆದು ಮರಳು ಮೆತ್ತಿಕೊಂಡಿತ್ತು. ಅದು ಇನ್ನು ಊಟದ ಮೀನಲ್ಲ, ಗೊಬ್ಬರದ ಮೀನು. ಬೆಲೆ ಎಲ್ಲಿಂದೆಲ್ಲಿಗೋ ಇಳಿಯುತ್ತದೆ. ಕೆಲವರು ಮರದ ಕಂಬದ ಮೇಲೆ ಬಲೆ ಕಟ್ಟಿ ಎತ್ತರದ ಅಟ್ಟ ಮಾಡಿಕೊಂಡಿದ್ದರು. ಅಲ್ಲಿಯ ಮೀನಿಗೆ ಮರಳು ಹಿಡಿದಿರಲಿಲ್ಲ. ಎಲ್ಲರೂ ಯಾಕೆ ಹಾಗೆ ಮಾಡಲ್ಲ ಅಂದೆ. "ಅಟ್ಟಕ್ಕೆ ದುಡ್ಡು ಬೇಕಲ್ಲ ತಂಗಿ. ಮರಳಿಗೆ ದುಡ್ಡಿಲ್ಲ."

ಬಟ್ಟೆ ಬದಲಾಯಿಸಿ, ಊಟ ಮುಗಿಸಿ, ಮಧ್ಯಾಹ್ನ ಮೂರೂವರೆಗೆ ಶರಾವತಿ ದಂಡೆಯ ಕಾಂಡ್ಲಾ ಕಾಡಿಗೆ ಹೋದೆವು. ಮ್ಯಾಂಗ್ರೋವ್‌ಗೆ ಇಲ್ಲಿ ಕಾಂಡ್ಲಾ ಅಂತಾರೆ. ಮರದ ಹಲಗೆಯ ಕಾಲುದಾರಿ ಕಾಡಿನೊಳಗೇ ಹೋಗುತ್ತದೆ. ನೀರು ಇಳಿದ ಹೊತ್ತಿಗೆ ಹೋಗಿ, ಇಲ್ಲದಿದ್ದರೆ ಬೇರು ಕಾಣುವುದಿಲ್ಲ. ಬೇರು ಕಾಣದಿದ್ದರೆ ಹೋದದ್ದು ದಂಡ. ಒಂದು ಜಾತಿ ಮರಕ್ಕೆ ಜೇಡದ ಕಾಲಿನ ಹಾಗೆ ಬಾಗಿದ ಬೇರು. ಇನ್ನೊಂದಕ್ಕೆ ಕೆಸರಿನಿಂದ ಮೇಲಕ್ಕೆ ಚುಚ್ಚಿಕೊಂಡು ನಿಂತ ಉಸಿರಾಟದ ಬೇರು. ಮೊದಲನೇ ಜಾತಿಯ ಬೀಜ ಮರದಲ್ಲೇ ಮೊಳೆತು, ನುಗ್ಗೆಕಾಯಿಯಷ್ಟು ಉದ್ದ ಜೋತು, ಆಮೇಲೆ ಕೆಸರಿಗೆ ಬೀಳುತ್ತದೆ. ಅಪ್ಪ ಬಿದ್ದಿದ್ದ ಒಂದನ್ನು ಕೈಯಲ್ಲಿ ತೂಗಿ ನೋಡಿ, "ಇದು ಕರು ಹಾಕಿದ ಹಾಗೆ ಆಯ್ತಲ್ಲ" ಅಂದರು.

ಅಲೆ ಈ ಬೇರಿನ ಗೋಜಲಿಗೆ ಸಿಕ್ಕು ಸುಸ್ತಾಗುತ್ತದೆ. ಹೊತ್ತು ತಂದ ಮಣ್ಣನ್ನು ಅಲ್ಲೇ ಬಿಟ್ಟು ಹೋಗುತ್ತದೆ. ಉಳ್ಳಾಲದ ಬಂಡೆ ನೋಡಿ ಬಂದ ಕಣ್ಣಿಗೆ ಇದು ಒಳ್ಳೆಯ ಗೋಡೆಯಾಗಿ ಕಂಡಿತು. ಆದರೆ ತೆರೆದ ಸಮುದ್ರಕ್ಕೆ ಎದುರಾಗಿ ಕಾಂಡ್ಲಾ ಬೆಳೆಯುವುದಿಲ್ಲ, ಅಳಿವೆಯ ಒಳಗಿನ ಶಾಂತ ನೀರೇ ಬೇಕು. ಹಾಗಾಗಿ ಕಾಂಡ್ಲಾ ನೆಟ್ಟರೆ ಎಲ್ಲಾ ಸರಿಹೋಗುತ್ತದೆ ಅನ್ನುವವರನ್ನು ನಾನು ಪೂರ್ತಿ ನಂಬುವುದಿಲ್ಲ.

ನಾಲ್ಕನೇ ದಿನ: ಮಾಣಿಕಟ್ಟಾ ಗಜನಿ

ಈ ದಿನಕ್ಕಾಗಿಯೇ ಬಂದದ್ದು. ಅಪ್ಪ ಐದಕ್ಕೇ ಎದ್ದು ಸ್ನಾನ ಮಾಡಿ, ಬಿಳಿ ಪಂಚೆ ಉಟ್ಟು, ನನ್ನ ಬಾಗಿಲು ಬಡಿದರು. ಬಿಳಿ ಪಂಚೆ ತಪ್ಪು ಆಯ್ಕೆ ಅಂತ ಆಮೇಲೆ ಗೊತ್ತಾಯಿತು.

ಕುಮಟಾದಿಂದ ಸಣ್ಣ ರಸ್ತೆ ಹಿಡಿದು ಅಘನಾಶಿನಿ ಹಿನ್ನೀರಿನ ಕಡೆ ಹೋಗಬೇಕು. ತೆಂಗು, ಮಾವು, ತುಳಸಿಕಟ್ಟೆ ಇರುವ ಮನೆಗಳು. ತಟ್ಟನೆ ಎಲ್ಲ ಮುಗಿದು ಬಯಲು ಕಾಣುತ್ತದೆ. ಉಪ್ಪು ನೀರು ಬಂದು ಹೋಗುವ ಇಂಥ ಗದ್ದೆ ಬಯಲಿಗೆ ಇಲ್ಲಿ ಗಜನಿ ಅಂತಾರೆ. ನಾವು ತಲುಪಿದಾಗ ಹನ್ನೊಂದು ಗಂಟೆ. ಹುಣ್ಣಿಮೆ ದಿನ, ಭರ್ತಿಯ ಹೊತ್ತು, ಅಂದ್ರೆ ಉಬ್ಬರ. ಒಡ್ಡಿನ ಹೊರಗೆ ಹೊಳೆಯ ನೀರು ಅಂಚಿನ ತನಕ ತುಂಬಿ ನಿಂತಿತ್ತು. ಒಡ್ಡಿನ ಒಳಗೆ ಅದಕ್ಕಿಂತ ಎಷ್ಟೋ ತಗ್ಗಿನಲ್ಲಿ ಭತ್ತ ಹಣ್ಣಾಗಿ ನಿಂತಿತ್ತು. ಕಾಳಿಗೆ ಕಪ್ಪು ಮೀಸೆ. ಬುಡದಲ್ಲಿ ನೀರು. ಅಪ್ಪ ಒಡ್ಡಿನ ಮೇಲೆ ಬಗ್ಗಿ ಹೊರಗಿನ ನೀರು ಬೊಗಸೆಯಲ್ಲಿ ಹಿಡಿದು ಬಾಯಿಗೆ ಹಾಕಿ ಉಗಿದರು. ಒಳಗಿನ ನೀರೂ ಹಾಗೇ ನೋಡಿದರು. "ಸೌಳು. ಪೂರ್ತಿ ಉಪ್ಪಲ್ಲ, ಸೌಳು." ಪೇಪರಿನವರ ಮೇಲಿನ ಕೇಸು ಅಲ್ಲಿಗೆ ಅರ್ಧ ವಜಾ.

ಅಪ್ಪನ ವಯಸ್ಸಿನವರೇ ಒಬ್ಬರು ದೋಣಿಯಲ್ಲಿ ನಿಂತು ತೆನೆ ಕೊಯ್ಯುತ್ತಿದ್ದರು. ಬುಡಕ್ಕೆ ಕೈ ಹಾಕುವುದಿಲ್ಲ, ತೆನೆ ಮಾತ್ರ. ದಂಟು ನೀರಲ್ಲೇ ಬಿಡುತ್ತಾರೆ, ಕೊಳೆತು ಮೀನಿಗೆ, ಶೆಟ್ಲಿಗೆ (ಸಿಗಡಿಗೆ) ಆಹಾರ. ಇಬ್ಬರಿಗೂ ಮಾತು ಹತ್ತಿತು. ನಾನು ಅನುವಾದಕಿಯಾಗಬೇಕಾಗಬಹುದು ಅಂದುಕೊಂಡಿದ್ದೆ. ಗುಬ್ಬಿ ಕನ್ನಡ, ಕುಮಟಾ ಕನ್ನಡ ಎರಡೂ ಬೇಸಾಯದ ವಿಷಯಕ್ಕೆ ಬಂದರೆ ಒಂದೇ.

ಕಗ್ಗದ ಕ್ರಮ ಹೀಗೆ. ಬೇಸಿಗೆಯಲ್ಲಿ ಗದ್ದೆ ಪೂರ್ತಿ ಉಪ್ಪು. ಜೂನ್ ಮಳೆ ಬಿದ್ದು ಉಪ್ಪು ತೊಳೆದ ಮೇಲೆ ಮೊಳಕೆ ಬರಿಸಿದ ಬೀಜ ಎರಚುತ್ತಾರೆ. ಗೊಬ್ಬರ ಇಲ್ಲ, ಔಷಧಿ ಇಲ್ಲ. ಹೊಳೆ ತರುವ ಗೋಡು ಮಣ್ಣೇ ಗೊಬ್ಬರ. ನೆರೆ ಬಂದು ಪೈರು ಕೆಲ ದಿನ ಮುಳುಗಿದರೂ ಸಾಯುವುದಿಲ್ಲ, ಆಳೆತ್ತರ ಬೆಳೆದು ತಲೆ ಎತ್ತುತ್ತದೆ. ಉಪ್ಪು ಸ್ವಲ್ಪ ಹೆಚ್ಚು ಕಡಿಮೆಯಾದರೂ ತಡೆಯುತ್ತದೆ. ಕೊಯ್ಲು ಮುಗಿದ ಮೇಲೆ ಅದೇ ಗದ್ದೆಗೆ ಉಪ್ಪು ನೀರು ಬಿಟ್ಟು ಮೀನು, ಶೆಟ್ಲಿ, ಏಡಿ. ಕೇರಳದ ಪೊಕ್ಕಾಳಿ, ಗೋವಾದ ಖಜಾನ್ ಗದ್ದೆಗಳಲ್ಲೂ ಇದೇ ಜಾತಿಯ ಬೇಸಾಯ. ಸಮುದ್ರ ಏರಿದರೆ ಮುಂದೆ ಎಂಥ ಭತ್ತ ಬೇಕು ಅಂತ ವಿಜ್ಞಾನಿಗಳು ಹುಡುಕುತ್ತಿದ್ದಾರಲ್ಲ, ಅದು ಇಲ್ಲಿ ಬಹಳ ಹಿಂದಿನಿಂದ ಬೆಳೆಯುತ್ತಲೇ ಇದೆ.

"ಎಕರೆಗೆ ಎಷ್ಟು?" ಇದು ಅಪ್ಪನ ಖಾಯಂ ಪ್ರಶ್ನೆ.

"ನಿಮ್ಮ ಹೈಬ್ರಿಡ್ ಜೊತಿಗೆ ಲೆಕ್ಕ ಹಾಕಬೇಡಿ. ಮೀನು ಸೇರಿಸಿ ಲೆಕ್ಕ ಹಾಕಿ. ಖರ್ಚು ತೆಗೆದು ಲೆಕ್ಕ ಹಾಕಿ."

ಮಧ್ಯಾಹ್ನ ಅವರ ಮನೆಯಲ್ಲೇ ಊಟ. ಮೊದಲು ಮುರುಗಲ ಹಣ್ಣಿನ ಪಾನಕ. ಆಮೇಲೆ ಕಗ್ಗದ ಅನ್ನ, ನಮಗಾಗಿ ಬಸಳೆ ಹುಳಿ, ಅವರಿಗೆ ಶೆಟ್ಲಿ ಸಾರು. ಅನ್ನ ದಪ್ಪ, ಕೆಂಪು, ಬಾಯಲ್ಲಿ ಸ್ವಲ್ಪ ಹೊತ್ತು ಅಗಿಯಬೇಕು. ಅಪ್ಪ ಎರಡನೇ ಸಲ ಹಾಕಿಸಿಕೊಂಡು, "ಮುದ್ದೆ ತಿಂದ ಹಾಗೆ ಹೊಟ್ಟೆ ಹಿಡಿಯುತ್ತೆ" ಅಂದರು. ಅವರ ಬಾಯಲ್ಲಿ ಇದಕ್ಕಿಂತ ದೊಡ್ಡ ಸರ್ಟಿಫಿಕೇಟ್ ಇಲ್ಲ. ನಾನು ಶೆಟ್ಲಿ ಸಾರಿಗೆ ಹೋದೆ, ಅದರ ಬಗ್ಗೆ ಅಪ್ಪನ ಮುಂದೆ ಜಾಸ್ತಿ ಹೊಗಳಲಿಲ್ಲ.

ಊಟ ಆದ ಮೇಲೆ ಜಂತ್ರಡಿ ನೋಡಲು ಹೋದೆವು. ಒಡ್ಡಿನಲ್ಲಿ ಕಲ್ಲು ಕಟ್ಟಿ ಕೂರಿಸಿದ ಹಲಗೆ ಬಾಗಿಲು ಅದು. ಭರ್ತಿ ಬಂದಾಗ ಹೊರಗಿನ ನೀರು ಒತ್ತಿ ತಾನೇ ಮುಚ್ಚಿಕೊಳ್ಳುತ್ತದೆ. ಇಳಿತದಲ್ಲಿ ಒಳಗಿನ ನೀರು ಒತ್ತಿ ತಾನೇ ತೆರೆದುಕೊಳ್ಳುತ್ತದೆ. ನಾವು ಹೋದಾಗ ಎರಡು ಗಂಟೆ. ಇಳಿತ ಶುರುವಾಗಿತ್ತು. ಹಲಗೆ ಸ್ವಲ್ಪ ಅದುರಿತು, ಸಂದಿಯಿಂದ ಒಂದು ಎಳೆ ನೀರು ಹೊರಗೆ ಚಿಮ್ಮಿತು. ಆಮೇಲೆ ಬಾಗಿಲು ನಿಧಾನವಾಗಿ ಹೊರಕ್ಕೆ ಸರಿದು ನೀರು ನುಗ್ಗತೊಡಗಿತು. ಅಪ್ಪ ಅಲ್ಲೇ ಕುಕ್ಕರುಗಾಲಲ್ಲಿ ಕೂತುಬಿಟ್ಟರು. ನಮ್ಮ ತಾತ ಊರಿನ ನೀರುಗಂಟಿ. ಕೆರೆಯ ತೂಬು ಎತ್ತುವುದು, ಇಳಿಸುವುದು, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಅನ್ನುವುದು ಅವರ ಕೆಲಸ. ಅಪ್ಪ ಚಿಕ್ಕಂದಿನಲ್ಲಿ ತೂಬಿನ ಮೇಲೆ ಕೂತೇ ಬೆಳೆದವರು.

"ಇದನ್ನು ನೋಡ್ಕೊಳ್ಳೋರು ಯಾರು?"

ಆ ಪ್ರಶ್ನೆಗೆ ಬಂದ ಉತ್ತರ ಸಂಜೆ ತನಕ ನಡೆಯಿತು. ಹಿಂದೆ ಮಣ್ಣಿನ ಒಡ್ಡು. ಪ್ರತಿ ವರ್ಷ ಊರವರೆಲ್ಲ ಸೇರಿ ಮಣ್ಣು ಹಾಕಬೇಕಿತ್ತು. ಆಮೇಲೆ ಸರಕಾರದ ಖಾರ್‌ಲ್ಯಾಂಡ್ (ಉಪ್ಪು ನೆಲ) ಯೋಜನೆಯಲ್ಲಿ ಕಲ್ಲಿನ ಒಡ್ಡು ಬಂತು. ಗಟ್ಟಿ ಒಡ್ಡು ಬಂದದ್ದೇ ಊರವರು ಸೇರುವುದು ಕಡಿಮೆಯಾಯಿತು. ನಂತರ ಸಿಗಡಿ ಕೃಷಿಯ ಕಾಲ. ಗುತ್ತಿಗೆ ಹಿಡಿದವರಿಗೆ ವರ್ಷವಿಡೀ ಉಪ್ಪು ನೀರು ಬೇಕು, ಜಂತ್ರಡಿ ಮಳೆಗಾಲದಲ್ಲೂ ತೆರೆದೇ ಇಟ್ಟರು. ಉಪ್ಪು ತೊಳೆಯಲಿಲ್ಲ, ಕಗ್ಗ ಬರಲಿಲ್ಲ. 90ರ ದಶಕದ ನಡುವೆ ಬಿಳಿ ಚುಕ್ಕೆ ರೋಗ ಬಂದು ಸಿಗಡಿಯೂ ಹೋಯಿತು. 1996ರಲ್ಲಿ ಸುಪ್ರೀಂ ಕೋರ್ಟು ಕರಾವಳಿಯ ಸಿಗಡಿ ಕೆರೆಗಳ ವಿರುದ್ಧ ತೀರ್ಪು ಕೊಟ್ಟಿತು. ಎಷ್ಟೋ ಗಜನಿಗಳು ಹಾಗೇ ಪಾಳು ಬಿದ್ದವು. ಪಾಳು ಬಿದ್ದಲ್ಲಿ ಕಾಂಡ್ಲಾ ತಾನಾಗಿ ಬಂತು. "ಒಡ್ಡಿನ ಹೊರಗೆ ಕಾಂಡ್ಲಾ ಇದ್ರೆ ಅಲೆ ತಡಿತದೆ, ಒಳ್ಳೇದು. ಗದ್ದೆ ಒಳಗೇ ಬಂದ್ರೆ ಕಡಿಯುವ ಹಾಗಿಲ್ಲ, ಕಾನೂನು. ಗದ್ದೆ ಹೋಯ್ತು ಅಂತಲೇ ಲೆಕ್ಕ." ನಿನ್ನೆ ಸಂಜೆ ನಾನು ಮೆಚ್ಚಿದ ಮರದ ಇನ್ನೊಂದು ಮುಖ.

ಮಾಣಿಕಟ್ಟಾದಲ್ಲಿ ಕಗ್ಗ ಉಳಿದದ್ದು ಇವರು ಒಟ್ಟಾಗಿ ಇದ್ದದ್ದಕ್ಕೆ. ಸಂಘ ಮಾಡಿಕೊಂಡು ಒಟ್ಟಿಗೇ ಬಿತ್ತುತ್ತಾರೆ. ಒಬ್ಬನೇ ಬಿತ್ತಿದರೆ ಹಕ್ಕಿ, ಏಡಿಗಳಿಗೆ ಆ ಒಂದು ಗದ್ದೆಯೇ ಹಬ್ಬದೂಟ. ನೀರಿನಡಿ ಯಾರ ಗಡಿ ಎಲ್ಲಿ ಅಂತ ಕಾಣುವುದೂ ಇಲ್ಲ. ಜಂತ್ರಡಿ ತೆರೆಯುವ ದಿನ, ಮುಚ್ಚುವ ದಿನ ಎಲ್ಲರೂ ಕೂತು ಗೊತ್ತು ಮಾಡುತ್ತಾರೆ. ಒಬ್ಬನ ಗದ್ದೆಗೆ ಉಪ್ಪು ಬೇಕು, ಇನ್ನೊಬ್ಬನದಕ್ಕೆ ಬೇಡ ಅಂದರೆ ನಡೆಯುವುದಿಲ್ಲ. ಈಗ ಹೆದರಿಕೆ ಎರಡು. ಉಬ್ಬರ ಕೆಲವು ಸಲ ಒಡ್ಡಿನ ಮೇಲಿಂದಲೇ ಇಣುಕುತ್ತದೆ. ಮತ್ತೆ, ಹುಡುಗರು ಬೆಂಗಳೂರಿಗೆ ಹೋಗಿದ್ದಾರೆ. ಎರಡರಲ್ಲಿ ಯಾವುದು ಜಾಸ್ತಿ ಅಂತ ಕೇಳಿದ್ದಕ್ಕೆ ಅವರು ತಡ ಮಾಡದೆ, "ಎರಡನೇದು" ಅಂದರು.

"ನಮ್ಮಲ್ಲೂ ಈಗ ನೀರುಗಂಟಿ ಇಲ್ಲ. ತೂಬಿನ ತಿರುಪು ತುಕ್ಕು ಹಿಡಿದಿದೆ" ಅಂದರು ಅಪ್ಪ. ಇಬ್ಬರೂ ಎಲೆ ಅಡಿಕೆ ಹಾಕಿಕೊಂಡು ಸುಮ್ಮನೆ ಕೂತರು.

ವಾಪಸು ಬರುವಾಗ ಅಪ್ಪನ ಒಂದು ಚಪ್ಪಲಿ ಕೆಸರು ನುಂಗಿತು. ಅದನ್ನು ಕೀಳಲು ಹೋಗಿ ಪಂಚೆ ಸೊಂಟದ ತನಕ ಕಪ್ಪಾಯಿತು. ಬರಿಗಾಲಲ್ಲಿ ಕಲ್ಲಿನ ಮೇಲೆ ಇಟ್ಟ ಹೆಜ್ಜೆ ಚಿಪ್ಪಿನ ಅಲುಗಿಗೆ ಸಿಕ್ಕು ಅಂಗಾಲು ಕುಯ್ದಿತು. ಮನೆಯವರು ಅರಿಶಿನ ಒತ್ತಿ ಬಟ್ಟೆ ಕಟ್ಟಿದರು. ಗಜನಿಗೆ ಹೋಗುವವರು ಹಿಂದೆ ಪಟ್ಟಿ ಇರುವ ಹಳೇ ಸ್ಯಾಂಡಲ್ ಹಾಕಿಕೊಂಡು ಹೋಗಿ. ಹವಾಯಿ ಚಪ್ಪಲಿಯನ್ನು ಆ ಕೆಸರು ವಾಪಸು ಕೊಡುವುದಿಲ್ಲ.

ಐದನೇ ದಿನ: ಅಘನಾಶಿನಿ, ತದಡಿ, ಸಾಣಿಕಟ್ಟಾ

ಬೆಳಿಗ್ಗೆ ಆರಕ್ಕೆ ಅಘನಾಶಿನಿ ಊರಿಗೆ ಬಂದೆವು. ಇಳಿತದ ಹೊತ್ತು. ಮಂಜಿನಲ್ಲಿ ಹೊಳೆಯ ನಡುವೆ ತಲೆಗಳು ಮಾತ್ರ ಕಾಣುತ್ತಿದ್ದವು. ಎದೆಮಟ್ಟದ ನೀರಲ್ಲಿ ನಿಂತು ಕಾಲಲ್ಲೇ ತಡಕಿ ಬಳಚು ಹೆಕ್ಕುವವರು. ಬಳಚು ಅಂದ್ರೆ ಚಿಪ್ಪುಮೀನು, ಮಂಗಳೂರಿನವರ ಮರುವಾಯಿ. ತೇಲುವ ಬುಟ್ಟಿಯನ್ನು ಸೊಂಟಕ್ಕೆ ಕಟ್ಟಿಕೊಂಡಿರುತ್ತಾರೆ.

ಈ ಹೊಳೆಗೆ ಅಣೆಕಟ್ಟು ಇಲ್ಲ. ಶಿರಸಿಯ ಹತ್ತಿರ ಹುಟ್ಟಿ, ಉಂಚಳ್ಳಿಯಲ್ಲಿ ಧುಮುಕಿ, ಯಾರ ಅಪ್ಪಣೆಯೂ ಇಲ್ಲದೆ ಇಲ್ಲಿಗೆ ಬರುತ್ತದೆ. ಅಳಿವೆಗೆ 2024ರ ಆರಂಭದಲ್ಲಿ ರಾಮ್‌ಸಾರ್ ಮಾನ್ಯತೆ, ಅಂದ್ರೆ ಮಹತ್ವದ ಜೌಗು ಪ್ರದೇಶ ಅನ್ನುವ ಅಂತರರಾಷ್ಟ್ರೀಯ ಮಾನ್ಯತೆ ಸಿಕ್ಕಿತು. 4,801 ಹೆಕ್ಟೇರ್ ಜಾಗ, ಅದನ್ನು ನಂಬಿದ 6,000ದಿಂದ 7,500 ಕುಟುಂಬ. ಹಿಂದೆ ತದಡಿಯಲ್ಲಿ 4,000 ಮೆಗಾವ್ಯಾಟಿನ ಕಲ್ಲಿದ್ದಲು ವಿದ್ಯುತ್ ಸ್ಥಾವರದ ಮಾತು ಬಂದು, ಜನ ಎದ್ದು ನಿಂತು, ಅದು ಆಗಲಿಲ್ಲ.

ದಡಕ್ಕೆ ಬಂದ ಹೆಂಗಸೊಬ್ಬರ ಬುಟ್ಟಿ ಅರ್ಧಕ್ಕಿಂತ ಕಡಿಮೆ ತುಂಬಿತ್ತು. "ಮೊದಲಿನಷ್ಟು ಇಲ್ರಾ. ಜೋರು ನೆರೆ ಬಂದ ವರ್ಷ ನೀರು ತುಂಬ ದಿನ ಸಿಹಿಯಾಗೇ ಇರ್ತದೆ, ಬಳಚು ಸಾಯ್ತದೆ." ಉಪ್ಪು ಹೆಚ್ಚಾದರೆ ಭತ್ತಕ್ಕೆ ಕಷ್ಟ, ಸಿಹಿ ಹೆಚ್ಚಾದರೆ ಬಳಚಿಗೆ ಕಷ್ಟ. ಹೊಳೆಗೆ ಜಂತ್ರಡಿ ಎಲ್ಲಿಂದ ತರುವುದು?

ಕಾರು ಇಲ್ಲೇ ಬಿಟ್ಟು ದೋಣಿಯಲ್ಲಿ ತದಡಿಗೆ ದಾಟಿದೆವು. ಬೈಕುಗಳೂ ನಮ್ಮ ಜೊತೆ ಬಂದವು. ಚಿಲ್ಲರೆ ಇಟ್ಟುಕೊಳ್ಳಿ, ದೋಣಿಯವರ ಹತ್ತಿರ ಐನೂರಕ್ಕೆ ಚಿಲ್ಲರೆ ಸಿಗುವುದಿಲ್ಲ. ಅಲ್ಲಿಂದ ಆಟೋದಲ್ಲಿ ಸಾಣಿಕಟ್ಟಾ. ಉಪ್ಪಿನ ಗದ್ದೆ ಅಂತ ಬಿಳಿ ರಾಶಿ ನೋಡುವ ಆಸೆಯಿಂದ ಹೋದರೆ ಸಿಕ್ಕಿದ್ದು ಬರೀ ನೀರು ನಿಂತ ಮಡಿಗಳು, ಮೇಲೆ ಬೆಳ್ಳಕ್ಕಿ. ಉಪ್ಪು ಮಾಡುವುದು ಬೇಸಿಗೆಯಲ್ಲಿ. ಇದನ್ನು ಮುಂಚೆಯೇ ಯೋಚಿಸಬೇಕಿತ್ತು. ಕಾವಲಿನವರು ಹೇಳಿದರು: ಏಪ್ರಿಲಿನಲ್ಲಿ ಒಂದು ಮಳೆ ಬಂದರೆ ಸಾಕು, ಮಡಿಯಲ್ಲಿ ಕಟ್ಟಿದ ಉಪ್ಪೆಲ್ಲ ಮತ್ತೆ ನೀರು. ಹಳೇ ದಾಸ್ತಾನಿನಿಂದ ಒಂದು ಚೀಲ ಕೊಂಡೆವು. ಕೆಂಪು ಛಾಯೆಯ ದಪ್ಪ ಹರಳು.

ಮಧ್ಯಾಹ್ನ ಹೊರಟು ಹೊನ್ನಾವರ, ಸಾಗರ, ಶಿವಮೊಗ್ಗ, ತಿಪಟೂರು. ದಾರಿಯುದ್ದಕ್ಕೂ ಉಪ್ಪಿನ ಚೀಲ ಬೆವರಿ ಡಿಕ್ಕಿಯ ಮ್ಯಾಟೆಲ್ಲ ಒದ್ದೆ. ರಾತ್ರಿ ಹನ್ನೊಂದೂವರೆಗೆ ಮನೆ.

ಊರಿನ ಒಣ ಗಾಳಿಗೆ ಎರಡೇ ದಿನದಲ್ಲಿ ಆ ಉಪ್ಪು ಕಲ್ಲಾಯಿತು. ಅಮ್ಮ ಒರಳಲ್ಲಿ ಹಾಕಿ ಕುಟ್ಟುತ್ತಾ, "ಇದೆಂಥ ಉಪ್ಪು ತಂದ್ರಿ, ಬಾವಿ ಕಲ್ಲು ಇದ್ದಂಗಿದೆ" ಅಂದರು. ಅಪ್ಪ ಮನೆಯಲ್ಲಿರಲಿಲ್ಲ. ಕಾಲಿಗೆ ಬಟ್ಟೆ ಕಟ್ಟಿಕೊಂಡೇ, ಒಂದು ಡಬ್ಬಿ ಗ್ರೀಸ್ ಹಿಡಿದು ಕೆರೆ ಕಡೆ ಹೋಗಿದ್ದರು.